ಎಕ್ಸ್‌ರೇ ಬಟನ್ ಒತ್ತುವವರು ಯಾರು? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ, ರಾಜ್ಯ ಅಲೈಡ್ ಮತ್ತು ಹೆಲ್ತ್‌ಕೇರ್ ಕೌನ್ಸಿಲ್‌ನ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ನಾನು ದಾವಣಗೆರೆಯಲ್ಲಿ ಇಮೇಜಿಂಗ್ ಟೆಕ್ನಾಲಜಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಎಕ್ಸ್‌ರೇ, ಸಿಟಿ, ಎಂಆರ್‌ಐ ಮೂರೂ ವಿಭಾಗಗಳಲ್ಲಿ ದುಡಿದಿದ್ದೇನೆ. ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರಿಗೆ ಕೆಲಸ ಕಲಿಸುತ್ತೇನೆ. ಅವರ ಪರವಾಗಿಯೂ ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ಸಂಬಳ. ಸುತ್ತಿ ಬಳಸಿ ಹೇಳುವುದಿಲ್ಲ. ನಮಗೆ ಸಿಗುವ ಸಂಬಳ ತೀರಾ ಕಡಿಮೆ. ಕೆಲಸ ಸಿಗುತ್ತಿಲ್ಲ ಅಂತಲ್ಲ, ಕೆಲಸ ಬೇಕಾದಷ್ಟಿದೆ. ತಾಲ್ಲೂಕು ಕೇಂದ್ರಗಳಲ್ಲೂ ಈಗ ಸಿಟಿ ಯಂತ್ರ ಬಂದಿದೆ. ಎಕ್ಸ್‌ರೇ ಇಲ್ಲದ ನರ್ಸಿಂಗ್ ಹೋಂ ಹುಡುಕಬೇಕು. ಆದರೂ ಸಂಬಳ ಏರುತ್ತಿಲ್ಲ. ಯಾಕೆಂದರೆ ಓದದೇ ಇರುವವರನ್ನು ಯಂತ್ರದ ಮುಂದೆ ಕೂರಿಸಿದರೂ ಯಾರೂ ಕೇಳುವುದಿಲ್ಲ. ಹೀಗಿರುವಾಗ ಓದಿದವರಿಗೆ ಜಾಸ್ತಿ ಕೊಡುವ ಅಗತ್ಯ ಮಾಲೀಕರಿಗೆ ಏನಿದೆ? ನಮ್ಮ ಸಂಬಳದ ಪ್ರಶ್ನೆಯೂ ರೋಗಿಯ ಸುರಕ್ಷತೆಯ ಪ್ರಶ್ನೆಯೂ ಬೇರೆ ಬೇರೆ ಅಲ್ಲ. ಇದನ್ನು ನಿಮಗೆ ಮನವರಿಕೆ ಮಾಡಿಕೊಡಬೇಕು ಅಂತಲೇ ಬರೆಯಲು ಕೂತೆ.

ಮೊದಲು ಲೆಕ್ಕ ಹೇಳುತ್ತೇನೆ. ಪಿಯುಸಿ ಆದ ಮೇಲೆ ಎರಡು ವರ್ಷ ಪ್ಯಾರಾಮೆಡಿಕಲ್ ಬೋರ್ಡ್‌ನ ಡಿಪ್ಲೊಮಾ, ಎಸ್‌ಎಸ್‌ಎಲ್‌ಸಿ ಆದ ಮೇಲಾದರೆ ಮೂರು ವರ್ಷ. ಬಿಎಸ್ಸಿ ಬೇಕೆಂದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಮೂರು ವರ್ಷ ಓದು, ಆಮೇಲೆ ಇಂಟರ್ನ್‌ಶಿಪ್. ಇಷ್ಟೆಲ್ಲ ಮುಗಿಸಿ ಬಂದ ಮಕ್ಕಳಿಗೆ ನಮ್ಮ ಕಡೆಯ ಸ್ಕ್ಯಾನಿಂಗ್ ಸೆಂಟರ್‌ಗಳು ಹೇಳುವ ಸಂಬಳ ಹನ್ನೆರಡು ಸಾವಿರ, ಹದಿನಾಲ್ಕು ಸಾವಿರ. ಬೆಂಗಳೂರಿನ ದೊಡ್ಡ ಆಸ್ಪತ್ರೆ ಸೇರಿದರೆ ಇನ್ನೊಂದಿಷ್ಟು ಜಾಸ್ತಿ. ಆದರೆ ಪಿಜಿ ಬಾಡಿಗೆ, ಊಟ, ಬಸ್ ಕಳೆದರೆ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಕಲಿತು ಹೋದ ಹುಡುಗರು ಫೋನ್ ಮಾಡಿದಾಗ ನಾನು ಸಂಬಳ ಕೇಳುವುದನ್ನೇ ಬಿಟ್ಟಿದ್ದೇನೆ. ಅವರಿಗೂ ಹೇಳಲು ಮುಜುಗರ.

ಇದೇ ಡಿಪ್ಲೊಮಾ ಹಿಡಿದು ರೈಲ್ವೆಯ ರೇಡಿಯೋಗ್ರಾಫರ್, ಅಂದರೆ ಎಕ್ಸ್‌ರೇ ಟೆಕ್ನಿಷಿಯನ್, ಹುದ್ದೆಗೆ ಆಯ್ಕೆಯಾದವರ ಆರಂಭದ ಮೂಲ ವೇತನ 29,200 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. ಕೇಂದ್ರದ ಏಮ್ಸ್‌ಗಳಲ್ಲಿ ಲೆವೆಲ್ 6ರ ರೇಡಿಯೋಗ್ರಫಿ ಟೆಕ್ನಿಷಿಯನ್ ಹುದ್ದೆಗೆ 35,400. ನಮ್ಮ ರಾಜ್ಯದಲ್ಲೇ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಸರ್ಕಾರಿ ನೌಕರರಲ್ಲಿ ಎಲ್ಲರಿಗಿಂತ ಕೆಳಗಿನ ಹಂತದಲ್ಲಿರುವವರ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಅವರಿಗೆ ಸಿಗಲಿ, ಸಿಗಲೇಬೇಕು. ಆದರೆ ಒಂದು ಜೀವನ ನಡೆಸಲು ಕನಿಷ್ಠ ಇಷ್ಟು ಬೇಕು ಅಂತ ಸರ್ಕಾರವೇ ಒಪ್ಪಿಕೊಂಡ ಮೇಲೆ, ಸಿಟಿ ಸ್ಕ್ಯಾನ್ ನಡೆಸುವ ಪದವೀಧರನಿಗೆ ಅದರ ಅರ್ಧ ಸಾಕು ಅಂತ ತೀರ್ಮಾನಿಸಿದವರು ಯಾರು?

ಯಂತ್ರವೇ ಎಲ್ಲ ಮಾಡುತ್ತೆ, ಟೆಕ್ನಿಷಿಯನ್ ಸುಮ್ನೆ ಬಟನ್ ಒತ್ತುತ್ತಾನೆ ಅನ್ನುವ ಮಾತನ್ನು ನಾವು ಕೇಳುತ್ತಲೇ ಇರುತ್ತೇವೆ. ಆಡಳಿತ ಮಂಡಳಿಯವರೂ ಹೇಳುತ್ತಾರೆ, ಕೆಲವು ಡಾಕ್ಟರೂ ಹೇಳುತ್ತಾರೆ. ಹಾಗಾದರೆ ಆ ಬಟನ್ ಒತ್ತುವ ಮುಂಚೆ ಏನೇನು ನಡೆಯುತ್ತೆ ಅಂತ ನೋಡಿ.

ಹರಪನಹಳ್ಳಿ ಕಡೆಯಿಂದ ಒಬ್ಬರು ಅಜ್ಜಿ ಸೊಂಟದ ಎಂಆರ್‌ಐಗೆ ಬಂದಿರುತ್ತಾರೆ ಅಂತಿಟ್ಟುಕೊಳ್ಳಿ. ಫಾರಂ ಓದಲು ಅವರಿಗೆ ಬರುವುದಿಲ್ಲ. ಪಕ್ಕದಲ್ಲಿ ಕೂತು ಒಂದೊಂದೇ ಕೇಳಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ತಲೆ ಆಪರೇಷನ್ ಆಗಿದೆಯಾ, ಕಾಲಲ್ಲಿ ರಾಡ್ ಹಾಕಿದ್ದಾರಾ, ಕಣ್ಣಿಗೆ ಯಾವತ್ತಾದರೂ ಕಬ್ಬಿಣದ ಚೂರು ಬಿದ್ದಿತ್ತಾ. "ಏನೂ ಇಲ್ಲ ಕಣಪ್ಪಾ" ಅನ್ನುತ್ತಾರೆ. ಆಮೇಲೆ ಮಗಳನ್ನು ಕರೆದು ಕೇಳಿದರೆ, ಯಾವಾಗಲೋ ತಲೆಗೆ ಏನೋ ಕ್ಲಿಪ್ ಹಾಕಿದ್ರು ಅನ್ನುತ್ತಾಳೆ. ಅಲ್ಲಿಗೆ ಸ್ಕ್ಯಾನ್ ನಿಲ್ಲಿಸಬೇಕು, ಹಳೆಯ ಚೀಟಿ ತರಿಸಬೇಕು, ಡಾಕ್ಟರ್ ಜೊತೆ ಮಾತಾಡಬೇಕು. ಎಲ್ಲ ಸರಿ ಇದ್ದರೂ ತಾಳಿಯ ಮಾತು ಬರುತ್ತೆ. ಗಂಡ ಬದುಕಿರುವಾಗ ತಾಳಿ ತೆಗೆಯೋದಾ ಅಂತ ಅಜ್ಜಿ ಹೆದರುತ್ತಾರೆ. ಬೈದರೆ ಆಗುವುದಿಲ್ಲ. ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಳ್ಳಿ ಅಮ್ಮಾ, ಸ್ಕ್ಯಾನ್ ಮುಗಿದ ಕೂಡಲೇ ತಾಳಿ ಹಾಕಿಕೊಳ್ಳುವಿರಂತೆ ಅಂತ ಸಮಾಧಾನ ಮಾಡಬೇಕು. ಇದಕ್ಕೆಂದೇ ಡಬ್ಬಿಯಲ್ಲಿ ಅರಿಶಿನದ ಕೊಂಬು, ದಾರ ಇಟ್ಟುಕೊಂಡಿರುವ ಟೆಕ್ನಾಲಜಿಸ್ಟ್‌ಗಳಿದ್ದಾರೆ. ಅವರ ಸ್ವಂತ ದುಡ್ಡಿನಲ್ಲಿ.

ಇಷ್ಟು ಯಾಕೆ ಎಚ್ಚರ? ಎಂಆರ್‌ಐನ ಅಯಸ್ಕಾಂತ ಸ್ಕ್ಯಾನ್ ಮುಗಿದ ಮೇಲೂ ಆಫ್ ಆಗುವುದಿಲ್ಲ. ರಾತ್ರಿ ಎರಡು ಗಂಟೆಗೆ, ಯಾರೂ ಇಲ್ಲದಿರುವಾಗಲೂ ಅದು ಎಳೆಯುತ್ತಲೇ ಇರುತ್ತೆ. 1.5 ಟೆಸ್ಲಾ ಯಂತ್ರದ ಸೆಳೆತ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಬಲವಾದದ್ದು. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಬಂದ ಸಂಬಂಧಿಕರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ರೂಮಿಗೆ ಹೋದರು. ಸಿಲಿಂಡರ್ ಸಮೇತ ಯಂತ್ರ ಅವರನ್ನು ಎಳೆದುಕೊಂಡಿತು. ಅವರು ತೀರಿಕೊಂಡರು. ಆ ಬಾಗಿಲಲ್ಲಿ ಯಾರು ನಿಂತಿರಬೇಕು, ನಿಂತವರಿಗೆ ಏನು ಗೊತ್ತಿರಬೇಕು ಅನ್ನುವುದು ಜೀವದ ಪ್ರಶ್ನೆ.

ಸಿಟಿಯಲ್ಲೂ ಅಷ್ಟೇ. ಕಾಂಟ್ರಾಸ್ಟ್, ಅಂದರೆ ಚಿತ್ರ ಸ್ಪಷ್ಟವಾಗಿ ಬರಲು ರಕ್ತನಾಳಕ್ಕೆ ಕೊಡುವ ಔಷಧಿ, ಕೊಡುವ ಮುಂಚೆ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಎಷ್ಟಿದೆ ನೋಡಬೇಕು, ಹಿಂದೆ ಅಲರ್ಜಿ ಆಗಿತ್ತಾ ಕೇಳಬೇಕು, ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ ತಗೋತಾರೆ ಅಂತ ತಿಳಿದುಕೊಳ್ಳಬೇಕು. ಕ್ಯಾನುಲಾ ರಕ್ತನಾಳದಲ್ಲೇ ಇದೆಯಾ ಅಂತ ಖಚಿತ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಇಂಜೆಕ್ಟರ್‌ನ ಒತ್ತಡಕ್ಕೆ ಔಷಧಿ ಚರ್ಮದ ಕೆಳಗೆ ನುಗ್ಗಿ ಕೈ ಊದಿಕೊಳ್ಳುತ್ತೆ. ಔಷಧಿ ಹೋದ ಮೇಲೆ ರೋಗಿಯ ಮುಖವನ್ನೇ ನೋಡುತ್ತಿರಬೇಕು. ಒಮ್ಮೆ ಸೀನಿದರೆ, ಗಂಟಲು ಕೆರೆದುಕೊಂಡರೆ, ಮೈ ಮೇಲೆ ದದ್ದು ಎದ್ದರೆ ತಕ್ಷಣ ಗೊತ್ತಾಗಬೇಕು. ಮಗು ಬಂದರೆ ವಿಕಿರಣದ ಪ್ರಮಾಣ ಇಳಿಸಬೇಕು. ದೊಡ್ಡವರ ಸೆಟ್ಟಿಂಗ್‌ನಲ್ಲೇ ಮಗುವಿಗೂ ಸ್ಕ್ಯಾನ್ ಮಾಡಿದರೆ ಚಿತ್ರ ಚೆನ್ನಾಗಿಯೇ ಬರುತ್ತೆ. ಅಪ್ಪ ಅಮ್ಮನಿಗೆ ಗೊತ್ತಾಗುವುದಿಲ್ಲ. ಡಾಕ್ಟರ್ ಕೂಡ ಫಿಲಂ ನೋಡಿ ಚೆನ್ನಾಗಿದೆ ಅನ್ನುತ್ತಾರೆ. ಬೇಡದ ವಿಕಿರಣ ಮಾತ್ರ ಆ ಪುಟ್ಟ ದೇಹಕ್ಕೆ ಸೇರಿರುತ್ತೆ.

ನಮ್ಮ ಕೆಲಸದ ದೊಡ್ಡ ಕಷ್ಟ ಇದೇ. ಚೆನ್ನಾಗಿ ಮಾಡಿದರೂ ಕಾಣಿಸುವುದಿಲ್ಲ, ಕೆಟ್ಟದಾಗಿ ಮಾಡಿದರೂ ಎಷ್ಟೋ ಸಲ ಕಾಣಿಸುವುದಿಲ್ಲ. ಎದೆಯ ಒಂದು ಸಿಟಿಯಲ್ಲಿ ಎದೆಯ ಎಕ್ಸ್‌ರೇಗಿಂತ ಹತ್ತಾರು ಪಟ್ಟು ಜಾಸ್ತಿ ವಿಕಿರಣ ಇರುತ್ತೆ. ತರಬೇತಿ ಇಲ್ಲದವನು ಪೊಸಿಷನ್ ತಪ್ಪಿಸಿ, ಮತ್ತೊಮ್ಮೆ ತೆಗೆದು, ಇನ್ನೊಮ್ಮೆ ತೆಗೆದರೆ ಬಿಲ್‌ನಲ್ಲಿ ಒಂದೇ ಸ್ಕ್ಯಾನ್ ಇರುತ್ತೆ. ಹಾಗಾಗಿ ಇಂಥವನನ್ನು ಇಟ್ಟುಕೊಂಡರೆ ಮಾಲೀಕರಿಗೆ ನಷ್ಟವಿಲ್ಲ. ನಷ್ಟ ಪೂರ್ತಿ ರೋಗಿಗೆ.

ಅಟಾಮಿಕ್ ಎನರ್ಜಿ ರೆಗ್ಯುಲೇಟರಿ ಬೋರ್ಡ್, ನಾವೆಲ್ಲ ಎಇಆರ್‌ಬಿ ಅನ್ನುವ, ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಮುಂಬೈಯ ಕೇಂದ್ರ ಸಂಸ್ಥೆ, 1983ರಿಂದ ಇದೆ. ಅದರ ಲೈಸೆನ್ಸ್ ಇಲ್ಲದೆ ಎಕ್ಸ್‌ರೇ ಯಂತ್ರ ನಡೆಸುವಂತಿಲ್ಲ. ಯಂತ್ರ ನಡೆಸುವವರು ತಕ್ಕ ಓದು ಓದಿರಬೇಕು. ಗೋಡೆ ಇಷ್ಟು ದಪ್ಪ ಇರಬೇಕು, ವಿಕಿರಣ ತಡೆಯುವ ಲೆಡ್ ಏಪ್ರನ್ ಇರಬೇಕು, ಪ್ರತಿಯೊಬ್ಬರಿಗೂ ಮೈಗೆ ತಗಲುವ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರಬೇಕು. ನಿಯಮಗಳಲ್ಲಿ ಕೊರತೆಯಿಲ್ಲ. ಆದರೆ ಊರೂರಿನ ನರ್ಸಿಂಗ್ ಹೋಂಗೆ ಮುಂಬೈಯಿಂದ ಯಾರು ಬಂದು ನೋಡುತ್ತಾರೆ? ಏನಾಗುತ್ತೆ ಅಂದರೆ, ಡಿಪ್ಲೊಮಾ ಆದ ಒಬ್ಬನ ಸರ್ಟಿಫಿಕೇಟ್ ಫೈಲ್‌ನಲ್ಲಿರುತ್ತೆ. ಅವನು ಬೇರೆ ಊರಲ್ಲಿರುತ್ತಾನೆ. ಯಂತ್ರದ ಮುಂದೆ ಮೊನ್ನೆವರೆಗೆ ರಿಸೆಪ್ಷನ್‌ನಲ್ಲಿದ್ದ ಹುಡುಗ ನಿಂತಿರುತ್ತಾನೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಮನೆ ಇದೆ, ಹೊಟ್ಟೆ ಇದೆ. ಏಪ್ರನ್ ಯಾಕೆ ಹಾಕಿಕೊಳ್ಳಬೇಕು ಅಂತಲೂ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅಪಾಯದಲ್ಲಿ ಅವನೂ ಇದ್ದಾನೆ.

ನಾನು ಹಿಂದೆ ಕೆಲಸ ಕೇಳಿಕೊಂಡು ಹೋಗಿದ್ದ ಒಂದು ಸೆಂಟರ್‌ನಲ್ಲಿ ಮಾಲೀಕರು ನೇರವಾಗಿಯೇ ಹೇಳಿದರು. "ನೀವು ಕೇಳೋ ಸಂಬಳಕ್ಕೆ ನನಗೆ ಇಬ್ಬರು ಹುಡುಗರು ಸಿಗ್ತಾರೆ. ಆರು ತಿಂಗಳಲ್ಲಿ ಕಲೀತಾರೆ." ಅವರು ಸುಳ್ಳು ಹೇಳಲಿಲ್ಲ. ಹಾಗೆ ಮಾಡಿದರೂ ಏನೂ ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ನಮ್ಮ ಸಂಬಳ ನಿಗದಿಯಾಗುವುದು ಈ ಧೈರ್ಯದ ಮೇಲೆ. ಡ್ರೈವಿಂಗ್ ಲೈಸೆನ್ಸ್ ಇಲ್ಲದವರೂ ಬಸ್ ಓಡಿಸಬಹುದು ಅಂತಾದರೆ ಲೈಸೆನ್ಸ್ ಇರುವ ಡ್ರೈವರ್‌ಗೆ ಯಾರು ಸಂಬಳ ಕೊಡುತ್ತಾರೆ?

ಯಂತ್ರ ಯಾರ ಕೈಗೆ ಬೇಕಾದರೂ ಸಿಕ್ಕರೆ ಏನಾಗುತ್ತೆ ಅಂತ ನಮ್ಮ ರಾಜ್ಯಕ್ಕೆ ಗೊತ್ತಿಲ್ಲದ ವಿಷಯವೇನಲ್ಲ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಇಡೀ ರಾಜ್ಯ ಬೆಚ್ಚಿತು. ಆಗ ಸ್ಕ್ಯಾನಿಂಗ್ ಸೆಂಟರ್‌ಗಳ ಮೇಲೆ ಇಲಾಖೆಯ ಕಣ್ಣು ಬಿತ್ತು. ಬಿದ್ದಿದ್ದು ಒಳ್ಳೆಯದೇ ಆಯಿತು. ಅದೇ ಕಣ್ಣನ್ನು ಎಕ್ಸ್‌ರೇ ಮತ್ತು ಸಿಟಿ ರೂಮುಗಳ ಕಡೆಗೂ ತಿರುಗಿಸಿ ಅಂತ ಕೇಳುತ್ತಿದ್ದೇನೆ.

ಕಾನೂನು ಇಲ್ಲ ಅನ್ನುವ ಹಾಗೂ ಇಲ್ಲ. ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ 2021ರಲ್ಲೇ ಬಂತು. ಐವತ್ತಕ್ಕೂ ಹೆಚ್ಚು ವೃತ್ತಿಗಳನ್ನು ಅದರಲ್ಲಿ ಸೇರಿಸಿದ್ದಾರೆ. ನಮ್ಮ ರೇಡಿಯಾಲಜಿ ಮತ್ತು ಇಮೇಜಿಂಗ್‌ಗೂ ಅದರಲ್ಲಿ ಜಾಗವಿದೆ. ನರ್ಸ್‌ಗಳಿಗೆ, ಫಾರ್ಮಸಿಸ್ಟ್‌ಗಳಿಗೆ ಬಹಳ ಹಿಂದೆಯೇ ಸಿಕ್ಕಿದ್ದ ಕೌನ್ಸಿಲ್, ನೋಂದಣಿ, ನಂಬರ್ ನಮಗೂ ಸಿಗುತ್ತೆ ಅಂತ ಖುಷಿಪಟ್ಟೆವು. ಕಾಯ್ದೆ ಬಂದು ಮೂರು ವರ್ಷವಾದರೂ ಕೆಲಸ ಮುಂದೆ ಹೋಗಲಿಲ್ಲ. ಕೊನೆಗೆ ಟೆಕ್ನಾಲಜಿಸ್ಟ್‌ಗಳ ವೇದಿಕೆಯೊಂದು ಸುಪ್ರೀಂ ಕೋರ್ಟ್ ಮೆಟ್ಟಿಲೇರಬೇಕಾಯಿತು. 2024ರ ಆಗಸ್ಟ್‌ನಲ್ಲಿ ಕೋರ್ಟ್ ಕೇಂದ್ರಕ್ಕೂ ರಾಜ್ಯಗಳಿಗೂ ಎರಡು ತಿಂಗಳ ಗಡುವು ಕೊಟ್ಟಿತು. ನಮ್ಮ ರಾಜ್ಯದಲ್ಲಿ ಕೌನ್ಸಿಲ್ ರಚನೆಯಾಗಿದೆ, ಅದಕ್ಕೆ ಧನ್ಯವಾದ. 2025ರಲ್ಲಿ ನಮ್ಮ ಕೋರ್ಸ್‌ಗೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮವೂ ಪ್ರಕಟವಾಯಿತು.

ಆದರೆ ನೋಂದಣಿ ಅನ್ನುವುದು ಫೀಸ್ ಕಟ್ಟಿ ಪಡೆಯುವ ಇನ್ನೊಂದು ಕಾಗದ ಆಗಿಬಿಟ್ಟರೆ ನಮಗೆ ಏನೂ ಬದಲಾಗುವುದಿಲ್ಲ. ನೋಂದಣಿ ಇಲ್ಲದವರು ಯಂತ್ರ ಮುಟ್ಟುವಂತಿಲ್ಲ ಅಂತಾದಾಗ ಮಾತ್ರ ಅದಕ್ಕೆ ಬೆಲೆ. ಅದನ್ನು ಜಾರಿ ಮಾಡುವ ದಾರಿ ನಿಮ್ಮ ಬಳಿ ಆಗಲೇ ಇದೆ. ಕೆಪಿಎಂಇ ಅಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಪ್ರತಿ ಖಾಸಗಿ ಆಸ್ಪತ್ರೆ, ಪ್ರತಿ ಡಯಾಗ್ನೋಸ್ಟಿಕ್ ಸೆಂಟರ್ ಅದರ ಅಡಿ ನೋಂದಣಿ ಮಾಡಿಸಿಕೊಳ್ಳಬೇಕು, ಕಾಲಕಾಲಕ್ಕೆ ನವೀಕರಿಸಬೇಕು. ಜಿಲ್ಲೆಯಲ್ಲಿ ಡಿಸಿಯವರೇ ಅದರ ಮುಖ್ಯಸ್ಥರು, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅವರೂ ಇರುತ್ತಾರೆ. ನವೀಕರಣಕ್ಕೆ ಬಂದ ಸೆಂಟರ್‌ಗೆ ಮೂರು ಕಾಗದ ಕೇಳಿ ಸಾಕು: ಇಮೇಜಿಂಗ್ ಸಿಬ್ಬಂದಿಯ ಕೌನ್ಸಿಲ್ ನೋಂದಣಿ ಸಂಖ್ಯೆ, ಕಳೆದ ಮೂರು ತಿಂಗಳ ಡ್ಯೂಟಿ ರೋಸ್ಟರ್, ಅವರ ಬ್ಯಾಂಕ್ ಖಾತೆಗೆ ಸಂಬಳ ಹೋದ ದಾಖಲೆ. ಸರ್ಟಿಫಿಕೇಟ್ ಮಾತ್ರ ಇಟ್ಟು ಮನುಷ್ಯ ಇಲ್ಲದಿದ್ದರೆ ಈ ಮೂರನ್ನು ಪಕ್ಕಪಕ್ಕ ಇಟ್ಟಾಗ ಗೊತ್ತಾಗಿಬಿಡುತ್ತೆ. ಹೊಸ ಕಾನೂನು ಬೇಡ, ಹೊಸ ಇಲಾಖೆ ಬೇಡ, ಒಂದು ಸುತ್ತೋಲೆ ಸಾಕು.

ಸರ್ಕಾರಿ ಆಸ್ಪತ್ರೆಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಮಾಲೀಕರು ನೀವೇ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಎಕ್ಸ್‌ರೇ ಟೆಕ್ನಿಷಿಯನ್ ಇರುವುದನ್ನು ಎಷ್ಟೋ ಕಡೆ ನೋಡಿದ್ದೇವೆ. ಹಗಲು ಡ್ಯೂಟಿ ಮುಗಿಸಿ ಮನೆಗೆ ಹೋದರೆ ರಾತ್ರಿ ಆಕ್ಸಿಡೆಂಟ್ ಕೇಸ್ ಬಂದಾಗ ಅವರಿಗೇ ಫೋನ್. ಅವರು ರಜೆ ಹಾಕಿದ ದಿನ ಎಕ್ಸ್‌ರೇ ರೂಮಿಗೆ ಬೀಗ. ಕೈ ಮುರಿದುಕೊಂಡ ಕೂಲಿಯವನು ಹೊರಗಿನ ಸೆಂಟರ್‌ಗೆ ದುಡ್ಡು ಕೊಟ್ಟು ತೆಗೆಸಿಕೊಂಡು ಬರುತ್ತಾನೆ. ಖಾಲಿ ಹುದ್ದೆ ತುಂಬಲು ಗುತ್ತಿಗೆ, ಗುತ್ತಿಗೆಯ ಕೆಳಗೆ ಹೊರಗುತ್ತಿಗೆ. ಏಜೆನ್ಸಿಯವರು ಸಂಬಳ ಯಾವ ತಿಂಗಳು ಹಾಕುತ್ತಾರೆ ಅಂತ ಕಾಯುತ್ತಾ ಕೂರುವುದು. ಪಿಎಫ್ ಕಟ್ ಆಗಿರುತ್ತೆ, ಖಾತೆಗೆ ಹೋಗಿರುತ್ತಾ ಅಂತ ನೋಡಲು ಹೆದರಿಕೆ.

ಒಂದೇ ರೂಮಿನಲ್ಲಿ ಕಾಯಂ ನೌಕರ ಒಬ್ಬ, ಹೊರಗುತ್ತಿಗೆಯವನು ಒಬ್ಬ. ಒಂದೇ ಯಂತ್ರ, ಒಂದೇ ಸಾಲಿನ ರೋಗಿಗಳು. ಸಂಬಳ ಮಾತ್ರ ಎರಡು ಪಟ್ಟು, ಮೂರು ಪಟ್ಟು ಅಂತರ. ಪಂಜಾಬ್ ಸರ್ಕಾರದ ತಾತ್ಕಾಲಿಕ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಅಕ್ಟೋಬರ್‌ನಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನ ಅಂತ ಸ್ಪಷ್ಟವಾಗಿ ಹೇಳಿತು. ಕಾಯಂ ನೌಕರರು ಮಾಡುವ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ವೇತನ ಶ್ರೇಣಿಯ ಕನಿಷ್ಠ ಮೊತ್ತವಾದರೂ ಸಿಗಬೇಕು ಅಂದಿತು. ಅದನ್ನು ಪಾಲಿಸಲು ನಮ್ಮ ಹುಡುಗರು ಒಬ್ಬೊಬ್ಬರೇ ಧಾರವಾಡ, ಕಲಬುರಗಿ ಪೀಠಗಳಿಗೆ ಅಲೆಯಬೇಕಾ?

ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಟಿ, ಎಂಆರ್‌ಐಗಳನ್ನು ಖಾಸಗಿ ಕಂಪನಿಗಳ ಸಹಭಾಗಿತ್ವದಲ್ಲಿ ನಡೆಸುವುದು ಈಗ ಸಾಮಾನ್ಯ. ಬಡವರಿಗೆ ಕಡಿಮೆ ದರದಲ್ಲಿ ಸ್ಕ್ಯಾನ್ ಸಿಗುತ್ತೆ, ಅದನ್ನು ನಾನು ವಿರೋಧಿಸುವುದಿಲ್ಲ. ಆದರೆ ಟೆಂಡರ್‌ನಲ್ಲಿ ಯಂತ್ರ ಎಂಥದ್ದಿರಬೇಕು ಅಂತ ಬರೆಯುತ್ತೀರಿ, ಒಂದು ಸ್ಕ್ಯಾನ್‌ಗೆ ಎಷ್ಟು ದರ ಅಂತ ಬರೆಯುತ್ತೀರಿ, ರಿಪೋರ್ಟ್ ಎಷ್ಟು ಗಂಟೆಯಲ್ಲಿ ಕೊಡಬೇಕು ಅಂತಲೂ ಬರೆಯುತ್ತೀರಿ. ಟೆಕ್ನಾಲಜಿಸ್ಟ್‌ಗೆ ಕನಿಷ್ಠ ಇಷ್ಟು ಸಂಬಳ ಕೊಡಬೇಕು, ಒಂದು ಶಿಫ್ಟ್‌ಗೆ ಇಷ್ಟು ಜನ ಇರಬೇಕು ಅಂತ ಒಂದು ಸಾಲು ಸೇರಿಸಿ. ಕಡಿಮೆ ದರಕ್ಕೆ ಟೆಂಡರ್ ಹಿಡಿದವರು ಯಂತ್ರ ಕೊಳ್ಳುವ ದುಡ್ಡಿನಲ್ಲಿ ಉಳಿಸಲು ಆಗುವುದಿಲ್ಲ. ಉಳಿಸುವುದು ನಮ್ಮ ಸಂಬಳದಲ್ಲೇ.

ಇನ್ನೊಂದು ಬದಲಾವಣೆ ನಿಮ್ಮ ಗಮನಕ್ಕೆ ಬಂದಿರಬೇಕು. ಈಗ ರಿಪೋರ್ಟ್ ಬರೆಯುವ ರೇಡಿಯಾಲಜಿಸ್ಟ್ ಆಸ್ಪತ್ರೆಯಲ್ಲೇ ಇರಬೇಕಾಗಿಲ್ಲ. ಟೆಲಿರೇಡಿಯಾಲಜಿಯಲ್ಲಿ ಬೆಂಗಳೂರಿಗೆ ಒಳ್ಳೆಯ ಹೆಸರಿದೆ. ವೈಟ್‌ಫೀಲ್ಡ್‌ನಲ್ಲಿ ಕೂತ ಡಾಕ್ಟರ್‌ಗಳು ಅಮೆರಿಕದ ಆಸ್ಪತ್ರೆಗಳ ಸ್ಕ್ಯಾನ್ ಓದುತ್ತಾರೆ. ಹಾಗೆಯೇ ನಮ್ಮ ಚಿಕ್ಕ ಊರಿನ ಸ್ಕ್ಯಾನ್‌ಗಳೂ ರಾತ್ರಿ ದೂರದ ಡಾಕ್ಟರ್‌ಗೆ ಹೋಗುತ್ತವೆ. ಅಂದರೆ ರಾತ್ರಿ ಸಿಟಿ ರೂಮಿನಲ್ಲಿ ಇಮೇಜಿಂಗ್ ಬಗ್ಗೆ ತಿಳಿದವರು ಅಂತ ಇರುವುದು ಟೆಕ್ನಾಲಜಿಸ್ಟ್ ಒಬ್ಬರೇ. ತಲೆಗೆ ಪೆಟ್ಟು ಬಿದ್ದವನ ಚಿತ್ರದಲ್ಲಿ ರಕ್ತಸ್ರಾವ ಕಂಡರೆ, ರಿಪೋರ್ಟ್ ಬರುವ ತನಕ ಕಾಯದೆ ಕ್ಯಾಶುವಾಲ್ಟಿಗೆ ಓಡಿ ಹೋಗಿ ಹೇಳುವವರು ಅವರೇ. ಜವಾಬ್ದಾರಿ ಹೀಗೆ ಏರುತ್ತಾ ಹೋಯಿತು, ಸಂಬಳ ಅಲ್ಲೇ ನಿಂತಿತು.

ಬ್ಯಾಡ್ಜ್ ವಿಷಯ ಹೇಳದೆ ಮುಗಿಸುವ ಹಾಗಿಲ್ಲ. ಟಿಎಲ್‌ಡಿ ಬ್ಯಾಡ್ಜನ್ನು ಎದೆಯ ಹತ್ತಿರ, ಲೆಡ್ ಏಪ್ರನ್ ಒಳಗೆ ಹಾಕಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಲ್ಯಾಬ್‌ಗೆ ಕಳಿಸಿ, ನಮ್ಮ ದೇಹಕ್ಕೆ ಎಷ್ಟು ವಿಕಿರಣ ತಗುಲಿದೆ ಅಂತ ಅಳೆಯುತ್ತಾರೆ. ನಮ್ಮ ದೇಶದಲ್ಲಿ ವಿಕಿರಣದ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಮಿತಿ, ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ. ಸರಿಯಾಗಿ ಕೆಲಸ ಮಾಡಿದರೆ ಎಕ್ಸ್‌ರೇ ವಿಭಾಗದಲ್ಲಿ ಈ ಮಿತಿಯ ಹತ್ತಿರವೂ ಹೋಗುವುದಿಲ್ಲ. ಈ ವೃತ್ತಿ ಓದಿದವರಿಗೆ ಸುರಕ್ಷಿತ, ಅದನ್ನು ಮಕ್ಕಳಿಗೂ ಹೇಳುತ್ತೇನೆ. ಆದರೆ ಸಣ್ಣ ಸೆಂಟರ್‌ಗಳಲ್ಲಿ ಹೊಸಬರಿಗೆ ಬ್ಯಾಡ್ಜೇ ತರಿಸುವುದಿಲ್ಲ. "ಇನ್ನೂ ಪ್ರೊಬೇಷನ್, ಆಮೇಲೆ ನೋಡೋಣ" ಅನ್ನುತ್ತಾರೆ. ಬ್ಯಾಡ್ಜ್ ಇಲ್ಲ ಅಂದರೆ ದಾಖಲೆ ಇಲ್ಲ. ಮುಂದೆ ಯಾವತ್ತಾದರೂ ಆರೋಗ್ಯ ಕೆಟ್ಟರೆ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಆಸ್ಪತ್ರೆಯೊಂದರ ಆವರಣದಲ್ಲಿ 1936ರಲ್ಲಿ ನಿಲ್ಲಿಸಿದ ಒಂದು ಸ್ಮಾರಕ ಇದೆ. ಎಕ್ಸ್‌ರೇ ಮತ್ತು ರೇಡಿಯಂ ಕೆಲಸದಿಂದ ಪ್ರಾಣ ಕಳೆದುಕೊಂಡವರದ್ದು. ನಿಲ್ಲಿಸಿದಾಗ ಅದರಲ್ಲಿ 169 ಹೆಸರುಗಳಿದ್ದವು. ಡಾಕ್ಟರ್, ವಿಜ್ಞಾನಿಗಳ ಜೊತೆಗೆ ತಂತ್ರಜ್ಞರನ್ನೂ, ನರ್ಸ್‌ಗಳನ್ನೂ ಅಲ್ಲಿ ನೆನೆದಿದ್ದಾರೆ. ಇವತ್ತಿನ ಮಿತಿಗಳು, ಏಪ್ರನ್, ಬ್ಯಾಡ್ಜ್ ಎಲ್ಲ ಆ ಸಾವುಗಳಿಂದ ಕಲಿತ ಪಾಠ. ತಿಂಗಳಿಗೆ ನಾಲ್ಕು ಕಾಸು ಉಳಿಸಲು ಅದನ್ನು ಕೈಬಿಡುವ ಹಕ್ಕು ಯಾರಿಗೂ ಇಲ್ಲ.

ಹೆಣ್ಣುಮಕ್ಕಳ ಕಷ್ಟ ಇನ್ನೂ ಒಂದು ಕೈ ಜಾಸ್ತಿ. ಗರ್ಭಿಣಿ ಅಂತ ತಿಳಿಸಿದ ಮೇಲೆ ಹೊಟ್ಟೆಯಲ್ಲಿರುವ ಮಗುವಿಗೆ ಉಳಿದ ತಿಂಗಳುಗಳಲ್ಲಿ 1 ಮಿಲಿಸೀವರ್ಟ್ ದಾಟದ ಹಾಗೆ ಅವರಿಗೆ ಕೆಲಸ ಹಂಚಬೇಕು. ಆದರೆ ತಿಳಿಸಿದರೆ ಕೆಲಸ ಹೋಗುತ್ತೆ ಅಂತ ಹೆದರಿ ಮುಚ್ಚಿಟ್ಟು, ಪೋರ್ಟಬಲ್ ಯಂತ್ರ ತಳ್ಳಿಕೊಂಡು ಐಸಿಯುಗೆ ಹೋಗುತ್ತಿದ್ದ ಸಹೋದ್ಯೋಗಿಯನ್ನು ನಾನು ಕಂಡಿದ್ದೇನೆ. ಕೊನೆಗೆ ಗೊತ್ತಾದಾಗ ಅವಳಿಗೆ ಸಿಕ್ಕಿದ್ದು ಹೆರಿಗೆ ರಜೆ ಅಲ್ಲ. ನಾಳೆಯಿಂದ ಬರಬೇಡಿ ಅನ್ನುವ ಮಾತು. ಅವಳ ಬಳಿ ನೇಮಕಾತಿ ಪತ್ರವೇ ಇರಲಿಲ್ಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು ಅನ್ನುತ್ತವೆ. ಕಾರ್ಮಿಕ ಇಲಾಖೆಯವರು ಒಮ್ಮೆ ಸ್ಕ್ಯಾನಿಂಗ್ ಸೆಂಟರ್‌ಗಳಿಗೂ ಬಂದು ಆ ಪತ್ರ ತೋರಿಸಿ ಅಂತ ಕೇಳಲಿ.

ಇಷ್ಟೆಲ್ಲ ಇರುವುದರಿಂದಲೇ ನಮ್ಮ ಒಳ್ಳೆಯ ಹುಡುಗರು ಹೊರಟು ಹೋಗುತ್ತಿದ್ದಾರೆ. ಮಂಗಳೂರು, ಉಡುಪಿ ಕಡೆಯವರು ಮೊದಲಿಂದಲೂ ಗಲ್ಫ್‌ಗೆ ಹೋಗುವವರೇ. ಈಗ ನಮ್ಮ ದಾವಣಗೆರೆ, ಹಾವೇರಿ, ಚಿತ್ರದುರ್ಗದ ಮಕ್ಕಳೂ ಎರಡು ವರ್ಷ ಅನುಭವ ಆದ ಕೂಡಲೇ ಗಲ್ಫ್‌ನಲ್ಲಿ ಕೆಲಸಕ್ಕೆ ಬೇಕಾದ ಪ್ರೊಮೆಟ್ರಿಕ್ ಪರೀಕ್ಷೆಗೆ ಓದಲು ಶುರು ಮಾಡುತ್ತಾರೆ. ಸೌದಿಯಲ್ಲಿ ಡಿಪ್ಲೊಮಾದವರಿಗೆ ಒಂದು ದರ್ಜೆ, ಪದವೀಧರರಿಗೆ ಇನ್ನೊಂದು ದರ್ಜೆ ಅಂತ ಸ್ಪಷ್ಟವಾಗಿ ಇದೆ. ಬ್ರಿಟನ್‌ನಲ್ಲಿ ಎಚ್‌ಸಿಪಿಸಿ ಅನ್ನುವ ಸಂಸ್ಥೆಯ ನೋಂದಣಿ ಇಲ್ಲದೆ ರೇಡಿಯೋಗ್ರಾಫರ್ ಅಂತ ಹೇಳಿಕೊಳ್ಳುವುದೇ ಅಪರಾಧ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊಸ ರೇಡಿಯೋಗ್ರಾಫರ್‌ಗೆ 2025–26ರಲ್ಲಿ ವರ್ಷಕ್ಕೆ ಸುಮಾರು 31,000 ಪೌಂಡ್ ಸಂಬಳ. ಅಲ್ಲಿನ ಖರ್ಚೂ ಜಾಸ್ತಿ, ಆ ಸಂಬಳವನ್ನು ಇಲ್ಲಿಗೆ ಹೋಲಿಸುವುದು ಸರಿಯಲ್ಲ. ನಾನು ಹೇಳುವುದು ಕ್ರಮದ ಬಗ್ಗೆ. ಎಲ್ಲಿ ನೋಂದಣಿ ಕಟ್ಟುನಿಟ್ಟೋ ಅಲ್ಲಿ ಈ ಕೆಲಸಕ್ಕೆ ಮರ್ಯಾದೆಯ ಸಂಬಳವೂ ಇದೆ. ಇಲ್ಲಿಂದ ಹೊರಡಲು ಎಕ್ಸ್‌ಪೀರಿಯನ್ಸ್ ಲೆಟರ್ ಬೇಕು. ಅದನ್ನು ಕೊಡದೆ ಸತಾಯಿಸುವವರು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಬಾಂಡ್ ಬರೆಸಿಕೊಳ್ಳುವವರು ಎಷ್ಟೋ ಜನ. ಸಂಬಳ ಕೊಟ್ಟು ಉಳಿಸಿಕೊಳ್ಳುವ ಬದಲು ಕಾಗದ ಹಿಡಿದು ಕಟ್ಟಿಹಾಕುತ್ತಾರೆ.

ಬೆಂಗಳೂರಿನಲ್ಲೇ ಈಗ ಸಿಟಿ ಯಂತ್ರಗಳು ತಯಾರಾಗುತ್ತವೆ. ಯಂತ್ರ ಮಾಡಲು ಬಂಡವಾಳ ತಂದ ರಾಜ್ಯ, ಅದನ್ನು ನಡೆಸುವವರನ್ನು ವಿಮಾನ ಹತ್ತಿಸಿ ಕಳಿಸುತ್ತಿದೆ.

ಈ ಪತ್ರವನ್ನು ಪಿಯುಸಿ ಮುಗಿಸಿದ ಮಕ್ಕಳೂ, ಅವರ ಅಪ್ಪ ಅಮ್ಮನೂ ಓದಬಹುದು. ಹೆದರಿಸುವುದು ನನ್ನ ಉದ್ದೇಶ ಅಲ್ಲ. ಕೆಲಸ ಸಿಗುತ್ತೆ, ಖಾಲಿ ಕೂರುವ ಮಾತಿಲ್ಲ. ಸಿಟಿ, ಎಂಆರ್‌ಐ, ಹೃದಯದ ರಕ್ತನಾಳ ಪರೀಕ್ಷಿಸುವ ಕ್ಯಾಥ್‌ಲ್ಯಾಬ್ ಕೆಲಸ ಚೆನ್ನಾಗಿ ಕಲಿತವರಿಗೆ ಬೇಡಿಕೆ ಇದೆ. ಎಂಎಸ್ಸಿ ಮಾಡಿ ಪಾಠ ಹೇಳಬಹುದು, ಯಂತ್ರದ ಕಂಪನಿಗಳಲ್ಲಿ ಅಪ್ಲಿಕೇಷನ್ ಸ್ಪೆಷಲಿಸ್ಟ್ ಆಗಿ ಆಸ್ಪತ್ರೆಗಳಿಗೆ ತರಬೇತಿ ಕೊಡಬಹುದು. ಎಐ ಬಂದರೆ ಈ ಕೆಲಸ ಹೋಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. 2024ರ ಡಿಸೆಂಬರ್‌ನಲ್ಲಿ ಶುರುವಾದ ನೂರು ದಿನಗಳ ಟಿಬಿ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಗೆ ಹೋದವು. ಇಂಥ ಚಿತ್ರಗಳನ್ನು ಓದುವ ಎಐ ಕೂಡ ಬಂದಿದೆ. ಚಿತ್ರವನ್ನು ಕಂಪ್ಯೂಟರ್ ಓದಬಹುದು. ಕೆಮ್ಮುತ್ತಿರುವ ಮುದುಕನನ್ನು ನೇರ ನಿಲ್ಲಿಸಿ, ಭುಜ ಮುಂದೆ ಮಾಡಿಸಿ, ಉಸಿರು ಎಳೆದು ಹಿಡಿದುಕೋ ತಾತಾ ಅನ್ನಲು ಮನುಷ್ಯರೇ ಬೇಕು. ಆದರೆ ಕಾಲೇಜು ಸೇರುವ ಮುಂಚೆ ಒಂದು ಸಲ ಹೋಗಿ ನೋಡಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಅಲ್ಲಿ ಸಿಟಿ, ಎಂಆರ್‌ಐ ನಡೆಯುತ್ತಿದೆಯಾ, ಇಂಟರ್ನ್‌ಶಿಪ್ ಎಲ್ಲಿ ಮಾಡಿಸುತ್ತಾರೆ ಅಂತ ಕೇಳಿ. ಗೋಡೆಗೆ ನೇತು ಹಾಕಿದ ಚಿತ್ರ ನೋಡಿ ಎಂಆರ್‌ಐ ಕಲಿತು ಬಂದವರನ್ನು ನಾನು ಕಂಡಿದ್ದೇನೆ. ತಪ್ಪು ಆ ಮಕ್ಕಳದ್ದಲ್ಲ. ಇಂಥ ಕಾಲೇಜಿಗೆ ಸೀಟು ಮಂಜೂರು ಮಾಡಿದವರದ್ದು. ಕೌನ್ಸಿಲ್‌ನವರು ಅದನ್ನೂ ನೋಡಬೇಕು.

ಮಾನ್ಯ ಸಚಿವರೇ, ಕರ್ನಾಟಕದಲ್ಲಿ ಆಸ್ಪತ್ರೆ, ನರ್ಸಿಂಗ್ ಹೋಂ ಕೆಲಸಗಾರರಿಗೆ ಕನಿಷ್ಠ ವೇತನ ನಿಗದಿ ಮಾಡುವ ಪದ್ಧತಿ ಇದೆ. ಕಾರ್ಮಿಕ ಸಚಿವರ ಜೊತೆ ಕೂತು ಅದರಲ್ಲಿ ನೋಂದಾಯಿತ ಇಮೇಜಿಂಗ್ ಟೆಕ್ನಾಲಜಿಸ್ಟ್‌ಗೆ ಬೇರೆಯೇ ದರ್ಜೆ ಮಾಡಿಸಿ. ಡಿಪ್ಲೊಮಾದವರ ಆರಂಭದ ಸಂಬಳ ರಾಜ್ಯ ಸರ್ಕಾರದ ಅತ್ಯಂತ ಕೆಳಗಿನ ಮೂಲ ವೇತನಕ್ಕಿಂತ, ಅಂದರೆ 27,000ಕ್ಕಿಂತ, ಕಡಿಮೆ ಇರಬಾರದು. ಪದವೀಧರರಿಗೆ ಅದಕ್ಕಿಂತ ಮೇಲಿನ ಹಂತ ಇರಲಿ. ನಮ್ಮ ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕಡ್ಡಾಯ ಮಾಡಿ. ಅವರು ವರ್ಷವಿಡೀ ಪೂರ್ತಿ ಡ್ಯೂಟಿ ಮಾಡುತ್ತಾರೆ, ಎಷ್ಟೋ ಕಡೆ ಅವರಿಂದಲೇ ವಿಭಾಗ ನಡೆಯುತ್ತೆ. ಮಂಜೂರಾದ ಸರ್ಕಾರಿ ಹುದ್ದೆಗಳನ್ನು ಕಾಯಂ ಆಗಿ ತುಂಬಿ. ಇನ್ನೊಂದು ಸಣ್ಣ ಕೋರಿಕೆ ಕೌನ್ಸಿಲ್‌ಗೆ: ನೋಂದಾಯಿತರ ಪಟ್ಟಿಯನ್ನು ಎಲ್ಲರೂ ನೋಡುವ ಹಾಗೆ ಕನ್ನಡದಲ್ಲಿ ಪ್ರಕಟಿಸಿ. ಪ್ರತಿ ಎಕ್ಸ್‌ರೇ ರೂಮಿನ ಬಾಗಿಲಿಗೆ ಒಳಗಿರುವ ಟೆಕ್ನಾಲಜಿಸ್ಟ್‌ನ ಹೆಸರು, ಫೋಟೋ, ನೋಂದಣಿ ಸಂಖ್ಯೆ ಹಾಕಿಸಿ. ತನ್ನ ಮಗುವಿಗೆ ಎಕ್ಸ್‌ರೇ ತೆಗೆಯುವವರು ಯಾರು ಅಂತ ತಿಳಿಯುವ ಹಕ್ಕು ಪ್ರತಿ ತಾಯಿಗೂ ಇದೆ.

ನವೆಂಬರ್ 8 ವಿಶ್ವ ರೇಡಿಯೋಗ್ರಫಿ ದಿನ. 1895ರಲ್ಲಿ ಆ ದಿನವೇ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದದ್ದು. ಪ್ರತಿ ವರ್ಷ ಆ ದಿನ ನಮಗೆ ಶುಭಾಶಯ ಬರುತ್ತೆ, ಸಂತೋಷ. ಬರುವ ನವೆಂಬರ್ 8ರೊಳಗೆ ಕೆಪಿಎಂಇ ನವೀಕರಣಕ್ಕೆ ಟೆಕ್ನಾಲಜಿಸ್ಟ್ ನೋಂದಣಿ ಕಡ್ಡಾಯ ಮಾಡುವ ಸುತ್ತೋಲೆ ಹೊರಡಿಸಿ. ಅದರ ಕರಡು ತಯಾರಿಸಲು ನಮ್ಮಂಥವರು ಬೇಕಿದ್ದರೆ ಕರೆಯಿರಿ. ನೈಟ್ ಡ್ಯೂಟಿ ಮುಗಿಸಿಯಾದರೂ ಬೆಳಗಿನ ರೈಲಿಗೆ ಬೆಂಗಳೂರಿಗೆ ಬರುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಇಮೇಜಿಂಗ್ ಟೆಕ್ನಾಲಜಿಸ್ಟ್, ದಾವಣಗೆರೆ